ಹಳಿ ಮೇಲೆ ಓಡೋ ಹೈ-ರೈಲ್ ಟ್ರಕ್ಕಲ್ಲಿ ಡೀಸೆಲ್ ಉಳ್ಸೋದು ಹೇಗೆ

ಅಮೆರಿಕ, ಕೆನಡಾ ಕಡೆ ರೈಲ್ವೆ ಟ್ರ್ಯಾಕ್ ಕೆಲ್ಸಕ್ಕೆ ಓಡಾಡೋ ಪಿಕಪ್ ಟ್ರಕ್ಕುಗಳನ್ನ ನೋಡಿದ್ದೀರೇನೋ, ರೋಡಲ್ಲಿ ಮಾಮೂಲಿ ಗಾಡಿ ಥರ ಬರತ್ತೆ, ಲೆವೆಲ್ ಕ್ರಾಸಿಂಗ್ ಹತ್ರ ಹಳಿಗೆ ನೇರ ಮಾಡ್ಕೊಂಡು ನಿಲ್ಲತ್ತೆ, ಮುಂದೆ ಹಿಂದೆ ಮಡ್ಚಿಟ್ಟಿರೋ ಚಿಕ್ಕ ಉಕ್ಕಿನ ಚಕ್ರಗಳನ್ನ ಕೆಳಗಿಳಿಸತ್ತೆ, ಆಮೇಲೆ ಟ್ರೈನ್ ಥರ ಹಳಿ ಮೇಲೆ ಹೊರಟೋಗತ್ತೆ. ಇದಕ್ಕೆ ಹೈ-ರೈಲ್ ಅಂತಾರೆ. ಟ್ರ್ಯಾಕ್ ಇನ್ಸ್ಪೆಕ್ಟರ್, ಸಿಗ್ನಲ್ ಮೇಂಟೇನರ್, ವೆಲ್ಡಿಂಗ್ ಗ್ಯಾಂಗ್ ಎಲ್ರೂ ಇದ್ರಲ್ಲೇ ಓಡಾಡೋದು. ಇಂಥ ಗಾಡಿಗಳ ಡೀಸೆಲ್ ಖರ್ಚು ನೋಡ್ಕೊಳ್ಳೋ ಕೆಲ್ಸ ಕೆಲವು ಕನ್ನಡದವರ ಕೈಗೂ ಬಂದಿದೆ, ಫ್ಲೀಟ್ ಡೇಟಾ ಬೆಂಗಳೂರಲ್ಲಿ ಕೂತು ನೋಡೋರೂ ಇದಾರೆ, ಹೊಸಬರು ಬಂದ ತಕ್ಷಣ ಕೇಳೋ ಪ್ರಶ್ನೆ ಒಂದೇ: ಉಕ್ಕಿನ ಚಕ್ರ ಉಕ್ಕಿನ ಹಳಿ ಮೇಲೆ ಓಡೋವಾಗ ಮೈಲೇಜ್ ಭರ್ಜರಿ ಬರ್ಬೇಕಲ್ವಾ, ರಿಪೋರ್ಟಲ್ಲಿ ಯಾಕೆ ಇಷ್ಟು ಕಮ್ಮಿ ತೋರಿಸ್ತಿದೆ?

ಅದಕ್ಕೆ ಮೊದಲು ಯಾವ ಚಕ್ರ ಏನು ಕೆಲ್ಸ ಮಾಡತ್ತೆ ಅನ್ನೋದು ಗೊತ್ತಿರ್ಬೇಕು. ಸಾಮಾನ್ಯ ಹೈ-ರೈಲ್ ಪಿಕಪ್ಪಲ್ಲಿ ಮುಂದಿನ ಉಕ್ಕಿನ ಚಕ್ರಗಳು ಇಳಿದಾಗ ಮುಂದಿನ ಟೈರು ಹಳಿಯಿಂದ ಮೇಲೇಳತ್ತೆ, ಅಂದ್ರೆ ಮುಂದಿನ ತೂಕ ಪೂರ್ತಿ ಉಕ್ಕಿನ ಮೇಲೆ. ಹಿಂದೆ ಹಂಗಲ್ಲ. ಹಿಂದಿನ ರಬ್ಬರ್ ಟೈರೇ ಹಳಿ ಮೇಲೆ ಕೂತು ಗಾಡಿನ ತಳ್ಳೋದು, ಹಿಂದಿನ ಉಕ್ಕಿನ ಚಕ್ರ ಬರೀ ದಾರಿ ತಪ್ಪದ ಹಾಗೆ ಹಿಡ್ಕೊಳ್ಳೋಕೆ. ಹಳಿ ತಲೆಯ ಅಗಲ ಇರೋದು ಸುಮಾರು 75 ಮಿಲಿಮೀಟರ್, ಅಷ್ಟು ಸಣ್ಣ ಪಟ್ಟಿ ಮೇಲೆ ಟ್ರಕ್ಕಿನ ಹಿಂದಿನ ತೂಕ ಬಿದ್ದಾಗ ಟೈರು ಅಲ್ಲೇ ಒತ್ತಿ ಒಳಗೆ ಹೋಗತ್ತೆ, ಹಾಗೆ ಒತ್ತಿ ಬಿಡಿಸ್ಕೊಳ್ಳೋದ್ರಲ್ಲೇ ಶಕ್ತಿ ಬಿಸಿಯಾಗಿ ಹೋಗತ್ತೆ. ಅದಕ್ಕೇ ರೈಲ್ವೆ ವ್ಯಾಗನ್ನಿಗೆ ಸಿಗೋ ಲಾಭ ಇದಕ್ಕೆ ಪೂರ್ತಿ ಸಿಗಲ್ಲ.

ಲೆಕ್ಕ ಹಾಕಿ ತೋರಿಸ್ತೀನಿ. ಗಾಡಿ ತೂಕ ಸಾಮಾನು ಸಮೇತ 9 ಟನ್ ಅಂತ ಇಟ್ಕೊಳ್ಳಿ. ಉಕ್ಕಿನ ಮೇಲೆ ಉಕ್ಕು ಉರುಳೋವಾಗ ಎಳೆತ, ಅಂದ್ರೆ ಗಾಡಿನ ಹಿಂದಕ್ಕೆ ಎಳೆಯೋ ಬಲ, ತೂಕದ ಶೇಕಡಾ 0.1ರಿಂದ 0.2, ಟ್ರಕ್ ಟೈರು ಡಾಂಬರ್ ಮೇಲೆ ಉರುಳೋವಾಗ 0.6ರಿಂದ 1. ರೋಡಲ್ಲಿ 0.8 ಹಿಡಿದ್ರೆ ಎಳೆತ ಹತ್ತತ್ರ 700 ನ್ಯೂಟನ್. ಹಳಿ ಮೇಲೆ ಮುಂದಿನ ಶೇ. 40 ತೂಕ ಉಕ್ಕಿನ ಮೇಲೆ, ಉಳಿದ 60 ಒತ್ತಿಹೋದ ರಬ್ಬರ್ ಮೇಲೆ, ಅದಕ್ಕೆ 1 ಹಿಡ್ಕೊಳ್ಳೋಣ, ಆಗ 600 ನ್ಯೂಟನ್ ಬರತ್ತೆ. ಇಷ್ಟೇ ವ್ಯತ್ಯಾಸ. ಗಾಳಿ ಎಳೆತ ನೋಡಿ ಈಗ, ಅಲ್ಲಿದೆ ವಿಷಯ. ಹೈವೇಲಿ ಗಂಟೆಗೆ 100 ಕಿಮೀ ಸ್ಪೀಡಲ್ಲಿ ಇಷ್ಟು ದೊಡ್ಡ ಮೈಯಿರೋ ಟ್ರಕ್ಕಿಗೆ ಗಾಳಿ ಎಳೆತ 1600 ನ್ಯೂಟನ್ ಆಸುಪಾಸು, ಹಳಿ ಮೇಲೆ 50ರಲ್ಲಿ ಹೋದ್ರೆ ಅದು ಕಾಲು ಭಾಗ, ಅಂದ್ರೆ 400. ಹೈವೇಲಿ ಒಟ್ಟು 2300, ಹಳಿ ಮೇಲೆ 1000. ಲೀಟರ್ ಡೀಸೆಲಲ್ಲಿ ಹತ್ತತ್ರ 36 ಮೆಗಾಜೂಲ್ ಇರತ್ತೆ, ಅದ್ರಲ್ಲಿ ಮೂರನೇ ಒಂದು ಭಾಗ ಚಕ್ರಕ್ಕೆ ಬಂತು ಅಂತಿಟ್ಕೊಂಡ್ರೆ ಹೈವೇಲಿ 100 ಕಿಮೀಗೆ ಸುಮಾರು 19 ಲೀಟರ್, ಹಳಿ ಮೇಲೆ 8 ಲೀಟರ್. ಕಮ್ಮಿ ಆಗಿದ್ದು ನಿಜ, ಆದ್ರೆ ಅದರ ಹೆಚ್ಚಿನ ಪಾಲು ಬಂದಿದ್ದು ನಿಧಾನ ಓಡಿಸಿದ್ದಕ್ಕೆ, ಉಕ್ಕಿನ ಚಕ್ರಕ್ಕೆ ಸಿಕ್ಕಿದ್ದು ಚೂರೇ ಚೂರು. ಇದು ಸಮತಟ್ಟು ಜಾಗದ, ಎಲ್ಲೂ ನಿಲ್ಲದೆ ಹೋಗೋ ಲೆಕ್ಕ. ನಿಜವಾದ ದಿನದಲ್ಲಿ ಗಾಡಿ ನಿಲ್ಲತ್ತೆ, ಬಹಳ ನಿಲ್ಲತ್ತೆ, ಡೀಸೆಲ್ ಹೋಗೋದೂ ಅಲ್ಲೇ.

ಹಾಗಾಗಿ ಮೊದಲ ಕೆಲ್ಸ, ಓಡಿದ್ದು ಬೇರೆ ನಿಂತಿದ್ದು ಬೇರೆ ಮಾಡಿ ಅಳೆಯೋದು. ಓಡಿದ ಕಿಲೋಮೀಟರನ್ನ ಟ್ಯಾಂಕಿಗೆ ಹಾಕಿದ ಲೀಟರಿಂದ ಭಾಗಿಸಿ ಮೈಲೇಜ್ ಅಂತ ಬರೆಯೋದು ಈ ಗಾಡಿಗಳಿಗೆ ಸರಿಹೋಗಲ್ಲ, ಅದು ಏನೂ ಹೇಳಲ್ಲ. ಇನ್ನೊಂದು ವಿಷಯ, ಒಟ್ಟು ತೂಕದ ಮಿತಿ 8500 ಪೌಂಡ್ ದಾಟಿದ ದೊಡ್ಡ ಪಿಕಪ್ಪುಗಳಿಗೆ, ಫೋರ್ಡ್ ಎಫ್-350 ಥರದ್ದಕ್ಕೆ, ಅಮೆರಿಕದಲ್ಲಿ ಕಾರಿಗಿರೋ ಹಾಗೆ ಕಿಟಕಿ ಮೇಲೆ ಸರ್ಕಾರಿ ಮೈಲೇಜ್ ಚೀಟಿನೇ ಇರಲ್ಲ, ಅಂದ್ರೆ ಹೋಲಿಸ್ಕೊಳ್ಳೋಕೆ ಒಂದು ನಂಬರ್ ಕೂಡ ಇಲ್ಲ, ನಿಮ್ಮದನ್ನ ನೀವೇ ಕಟ್ಕೋಬೇಕು.

ಮಾಡೋದು ಹೀಗೆ. ಡ್ಯಾಶ್‌ಬೋರ್ಡ್ ಮೆನುವಿನಲ್ಲಿ ಎಂಜಿನ್ ಅವರ್ಸ್, ಐಡಲ್ ಅವರ್ಸ್ (ಗಾಡಿ ನಿಂತಲ್ಲೇ ಎಂಜಿನ್ ಓಡಿದ ಗಂಟೆ) ಅಂತ ಎರಡು ಇರತ್ತೆ, ಈಚಿನ ಕೆಲ್ಸದ ಟ್ರಕ್ಕುಗಳಲ್ಲಿ ಸಾಮಾನ್ಯವಾಗಿ ಸಿಗತ್ತೆ. ಪ್ರತಿ ವಾರ ಒಂದೇ ದಿನ ಟ್ಯಾಂಕ್ ಫುಲ್ ಮಾಡಿಸಿ ಅವೆರಡನ್ನೂ ಓಡೋಮೀಟರನ್ನೂ ಬರ್ಕೊಳ್ಳಿ. ಡ್ರೈವರ್ ಹಳಿಗೆ ಹತ್ತೋವಾಗ ಒಂದು ಸಲ, ಇಳಿಯೋವಾಗ ಒಂದು ಸಲ ಓಡೋಮೀಟರ್ ಬರೆದ್ರೆ ರೋಡು ಎಷ್ಟು ಹಳಿ ಎಷ್ಟು ಅಂತಾನೂ ಗೊತ್ತಾಗತ್ತೆ. ಹಿಂದಿನ ಟೈರೇ ಓಡಿಸೋದ್ರಿಂದ ಹಳಿ ಮೇಲೂ ಓಡೋಮೀಟರ್ ಎಣಿಸತ್ತೆ, ಒದ್ದೆ ಹಳಿ ಮೇಲೆ ಟೈರು ಜಾರಿದಾಗ ಮಾತ್ರ ಸ್ವಲ್ಪ ಜಾಸ್ತಿ ತೋರಿಸತ್ತೆ. ಪಿಟಿಓ ಇರೋ ಗಾಡಿಲಿ, ಅಂದ್ರೆ ಎಂಜಿನ್ನಿಂದಲೇ ಕ್ರೇನು ಕಂಪ್ರೆಸರು ಓಡೋ ಗಾಡಿಲಿ, ಪಿಟಿಓ ಗಂಟೆ ಬೇರೆ ಕಾಲಂ. ಅದು ಕೆಲ್ಸಕ್ಕೆ ಹೋದ ಡೀಸೆಲ್, ಅದನ್ನ ಸುಮ್ಮನೆ ನಿಂತ ಲೆಕ್ಕಕ್ಕೆ ಸೇರಿಸಿ ಕ್ರೇನ್ ಆಪರೇಟರನ್ನ ಬೈದ್ರೆ ಅನ್ಯಾಯ ಆಗತ್ತೆ, ಮಾರನೇ ವಾರದಿಂದ ಆತ ನಿಮ್ಮ ಶೀಟೇ ತುಂಬಲ್ಲ.

ಉದಾಹರಣೆಗೆ ಒಂದು ವಾರ 260 ಲೀಟರ್ ಹೋಯ್ತು, ರೋಡು 560 ಕಿಮೀ, ಹಳಿ 240 ಕಿಮೀ, ಕೆಲ್ಸ ಇಲ್ಲದೆ ಎಂಜಿನ್ ಆನ್ ಇಟ್ಟು ನಿಂತಿದ್ದು 30 ಗಂಟೆ ಅಂತ ಇಟ್ಕೊಳ್ಳಿ. ನೇರ ಭಾಗಿಸಿದ್ರೆ ಲೀಟರಿಗೆ 3.1 ಕಿಮೀ, ನೋಡಿದವ್ರು ಗಾಡಿ ಕೆಟ್ಟಿದೆ ಅಂತಾರೆ. ಈ ಸೈಜಿನ ಟ್ರಕ್ಕು ನಿಂತಲ್ಲೇ ಗಂಟೆಗೆ ಸುಮಾರು 3 ಲೀಟರ್ ಕುಡಿಯತ್ತೆ, ಅಮೆರಿಕದ ಲೆಕ್ಕದಲ್ಲಿ 0.8 ಗ್ಯಾಲನ್. 30 ಗಂಟೆಗೆ 90 ಲೀಟರ್ ಕಳೀರಿ, ಉಳಿದ 170 ಲೀಟರಿಗೆ 800 ಕಿಮೀ, ಅಂದ್ರೆ 4.7. ಗಾಡಿ ಚೆನ್ನಾಗೇ ಇದೆ. ಟೈರು, ಅಲೈನ್ಮೆಂಟು ಎಲ್ಲ ಸರಿಮಾಡಿ ಓಡೋ ಡೀಸೆಲಲ್ಲಿ ಶೇ. 3 ಉಳಿಸಿದ್ರೆ ವಾರಕ್ಕೆ 5 ಲೀಟರ್, ನಿಲ್ಲೋ ಗಂಟೆ 30ರಿಂದ 18ಕ್ಕೆ ಇಳಿಸಿದ್ರೆ 36 ಲೀಟರ್. ಎಲ್ಲಿಗೆ ಮೊದಲು ಕೈ ಹಾಕ್ಬೇಕು ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳೋಕಾಗಲ್ಲ. (ಅಲ್ಲಿನ ರಿಪೋರ್ಟು ಮೈಲು-ಗ್ಯಾಲನ್ನಲ್ಲಿ ಬಂದಿದ್ರೆ 0.425ರಿಂದ ಗುಣಿಸಿ, ಲೀಟರಿಗೆ ಕಿಮೀ ಸಿಗತ್ತೆ.)

ಯಾಕೆ ಅಷ್ಟೊತ್ತು ನಿಲ್ತಾರೆ ಅಂತ ಕೇಳಿದ್ರೆ, ಡ್ರೈವರ್ ಸೋಮಾರಿ ಅಂತಲ್ಲ. ಹಳಿಗೆ ಹತ್ತೋಕೆ ಡಿಸ್ಪ್ಯಾಚರ್, ಅಂದ್ರೆ ಟ್ರೈನ್ ಓಡಾಟ ಕಂಟ್ರೋಲ್ ಮಾಡೋವ್ರ, ಪರ್ಮಿಷನ್ ಬೇಕು, ಇಂಥ ಮೈಲಿಯಿಂದ ಇಂಥ ಮೈಲಿವರೆಗೆ ಇಷ್ಟೊತ್ತು ಟ್ರ್ಯಾಕ್ ನಿಂದು ಅಂತ ಬಾಯಲ್ಲಿ ಹೇಳಿ, ಕೇಳಿದ್ದನ್ನ ವಾಪಸ್ ಓದಿಸಿ ಕೊಡೋದು. ಮಧ್ಯೆ ಗೂಡ್ಸ್ ಟ್ರೈನ್ ಇದ್ರೆ ಅದು ಹೋಗೋವರೆಗೂ ಕ್ರಾಸಿಂಗ್ ಪಕ್ಕದಲ್ಲಿ ಕಾಯ್ಬೇಕು, ಅಲ್ಲಿನ ಗೂಡ್ಸ್ ಟ್ರೈನ್ ಎರಡು ಮೂರು ಕಿಲೋಮೀಟರ್ ಉದ್ದ ಇರತ್ತೆ. ಹೊರಗೆ ಮೈನಸ್ ಹದಿನೈದು ಡಿಗ್ರಿ, ಒಳಗೆ ಹೀಟರ್ ಬೇಕು, ರೇಡಿಯೋ ಆನ್ ಇರ್ಬೇಕು, ಮೇಲಿನ ಹಳದಿ ಲೈಟ್ ತಿರುಗ್ತಿರ್ಬೇಕು, ಬ್ಯಾಟರಿ ಇಳಿದು ಗಾಡಿ ಹಳಿ ಮೇಲೆ ನಿಂತೋದ್ರೆ ಟ್ರೈನೇ ನಿಲ್ಲಿಸ್ಬೇಕಾಗತ್ತೆ. ಇಂಥ ಕಡೆ ಎಂಜಿನ್ ಆಫ್ ಮಾಡಿ ಅಂತ ಗೋಡೆಗೆ ನೋಟಿಸ್ ಅಂಟಿಸಿದ್ರೆ ಯಾರೂ ಕೇಳಲ್ಲ, ಕೇಳ್ಬೇಕಾಗೂ ಇಲ್ಲ. ಎಂಜಿನ್ ಮಾಡ್ತಿರೋ ಕೆಲ್ಸನ ಬೇರೆ ಯಾವುದಾದ್ರೂ ಮಾಡೋ ಹಾಗೆ ಮಾಡಿಕೊಡಿ, ಆಗ ತಾನೇ ಆಫ್ ಮಾಡ್ತಾರೆ.

ಎರಡು ಸಾಮಾನು ಸಾಕು. ಒಂದು, ಕ್ಯಾಬಿನ್ ಬಿಸಿ ಮಾಡೋ ಚಿಕ್ಕ ಡೀಸೆಲ್ ಹೀಟರ್, ವೆಬಾಸ್ಟೋ, ಎಸ್ಪಾರ್ ಕಂಪನಿಗಳದ್ದು ಸಿಗತ್ತೆ, ಗಂಟೆಗೆ ಅರ್ಧ ಲೀಟರೂ ತಗೊಳಲ್ಲ, ಎಂಜಿನ್ 3 ಲೀಟರ್ ಸುಡೋ ಕಡೆ. ಇನ್ನೊಂದು, ಲೈಟು ರೇಡಿಯೋ ಲ್ಯಾಪ್‌ಟಾಪಿಗೆ ಪ್ರತ್ಯೇಕ ಬ್ಯಾಟರಿ, ಮಧ್ಯೆ ಐಸೊಲೇಟರ್ ಹಾಕಿ, ಆಗ ಅದು ಪೂರ್ತಿ ಖಾಲಿಯಾದ್ರೂ ಸ್ಟಾರ್ಟಿಂಗ್ ಬ್ಯಾಟರಿಗೆ ಏನೂ ಆಗಲ್ಲ. ಎಲ್‌ಇಡಿ ಲೈಟು ರೇಡಿಯೋ ಸೇರಿ 70 ವ್ಯಾಟ್ ಎಳೀತು ಅಂದ್ರೆ 12 ವೋಲ್ಟಿನ 100 ಆಂಪ್-ಅವರ್ ಬ್ಯಾಟರಿಯ ಅರ್ಧ ಚಾರ್ಜಲ್ಲೇ ಎಂಟು ಗಂಟೆ ಹೋಗತ್ತೆ, ಚಳಿಗೆ ಬ್ಯಾಟರಿ ತಾಕತ್ತು ಇಳಿಯತ್ತೆ ಅಂತ ಕಮ್ಮಿ ಹಿಡಿದ್ರೂ ಐದು ಗಂಟೆಗೆ ಮೋಸ ಇಲ್ಲ. ಮೇಲೆ ತಿರುಗೋ ಹಳದಿ ಲೈಟು ಹಳೇ ಹ್ಯಾಲೊಜೆನ್ನಿಂದೇ ಇನ್ನೂ ಇದ್ರೆ ಮೊದಲು ಅದನ್ನ ಬದಲಾಯಿಸಿ, ಇಲ್ಲಾಂದ್ರೆ ಈ ಲೆಕ್ಕ ನಡೆಯಲ್ಲ. ಬೇಸಿಗೇಲಿ ಏಸಿ ವಿಷಯ ಕಷ್ಟ, ಬ್ಯಾಟರಿಯಿಂದ ಏಸಿ ಓಡ್ಸೋ ಸಿಸ್ಟಮ್ ಇದೆ ಆದ್ರೆ ದುಬಾರಿ ಮತ್ತು ಭಾರ, ನಲವತ್ತು ಡಿಗ್ರೀಲಿ ಟ್ರ್ಯಾಕ್ ಮೇಲೆ ಕೆಲ್ಸ ಮಾಡಿ ಬಂದವ್ರಿಗೆ ತಣ್ಣಗಿನ ಕ್ಯಾಬಿನ್ ಬೇಕೇ ಬೇಕು, ಅಲ್ಲಿ ಡೀಸೆಲ್ ಉಳ್ಸೋಕೆ ಹೋಗ್ಬೇಡಿ ಅನ್ನೋದು ನನ್ನ ಅಭಿಪ್ರಾಯ.

ಸುಮ್ಮನೆ ಐಡಲ್ ಓಡ್ಸೋದ್ರಿಂದ ಇನ್ನೊಂದು ನಷ್ಟ ಇದೆ, ಬಹಳ ಜನ ಲೆಕ್ಕಕ್ಕೇ ತಗೊಳಲ್ಲ. ಈಗಿನ ಡೀಸೆಲ್ ಎಂಜಿನ್ನಿಗೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಡಿಪಿಎಫ್, ಇರತ್ತೆ. ನಿಂತಲ್ಲೇ ಓಡೋವಾಗ ಸೈಲೆನ್ಸರ್ ಬಿಸಿ ಸಾಕಾಗಲ್ಲ, ಮಸಿ ಸುಡದೆ ತುಂಬ್ತಾ ಹೋಗತ್ತೆ, ಆಮೇಲೆ ಅದನ್ನ ಸುಡೋಕೆ ಎಂಜಿನ್ ಹೆಚ್ಚುವರಿ ಡೀಸೆಲ್ ಸುರೀಬೇಕು, ಅದಕ್ಕೆ ರೀಜೆನ್ ಅಂತಾರೆ. ರೀಜೆನ್ ಪದೇಪದೇ ಬರ್ತಿದ್ರೆ ಫಿಲ್ಟರ್ ಕೆಟ್ಟಿದೆ ಅಂತ ಗ್ಯಾರೇಜಿಗೆ ಕಳ್ಸೋ ಮುಂಚೆ ಐಡಲ್ ಗಂಟೆ ನೋಡಿ. ಕಾನೂನೂ ಇದೆ, ಕ್ಯಾಲಿಫೋರ್ನಿಯಾದಲ್ಲಿ 10,000 ಪೌಂಡ್ ದಾಟಿದ ಡೀಸೆಲ್ ಟ್ರಕ್ಕು ಸುಮ್ಮನೆ 5 ನಿಮಿಷಕ್ಕಿಂತ ಹೆಚ್ಚು ನಿಂತಲ್ಲೇ ಓಡೋ ಹಾಗಿಲ್ಲ, ಪಿಟಿಓ ಕೆಲ್ಸದಂಥದ್ದಕ್ಕೆ ಮಾತ್ರ ವಿನಾಯಿತಿ.

ಕಾಯೋ ಹೊತ್ತನ್ನೇ ಕಮ್ಮಿ ಮಾಡೋಕೂ ಆಗತ್ತೆ. ಟ್ರೈನು ಲೈನಪ್ (ಯಾವ ಟ್ರೈನ್ ಯಾವಾಗ ಬರತ್ತೆ ಅನ್ನೋ ಪಟ್ಟಿ) ನೋಡ್ಕೊಂಡು ಪರ್ಮಿಷನ್ ಸಿಗೋ ಅಂದಾಜು ಹೊತ್ತಿಗೆ ಯಾರ್ಡಿಂದ ಹೊರಡೋದು, ಬೆಳಗ್ಗೆ ಆರಕ್ಕೇ ಎಲ್ರೂ ಹೋಗಿ ಕ್ರಾಸಿಂಗ್ ಹತ್ರ ಎಂಜಿನ್ ಆನ್ ಇಟ್ಕೊಂಡು ಕೂರೋ ಬದಲು. ಎರಡು ಗ್ಯಾಂಗಿನ ಕೆಲ್ಸ ಅಕ್ಕಪಕ್ಕ ಇದ್ರೆ ಒಂದೇ ಟ್ರ್ಯಾಕ್ ಟೈಮಲ್ಲಿ ಎರಡನ್ನೂ ಮುಗ್ಸೋ ಹಾಗೆ ಹಿಂದಿನ ದಿನಾನೇ ಮಾತಾಡ್ಕೊಳ್ಳೋದು. ಹತ್ತೋ ಕ್ರಾಸಿಂಗ್ ಯಾವುದು ಅನ್ನೋದೂ ಮುಖ್ಯ, ಅಭ್ಯಾಸ ಅಂತ ಯಾವಾಗ್ಲೂ ಒಂದೇ ಕಡೆ ಹತ್ತಿ ಹಳಿ ಮೇಲೆ ಮೂವತ್ತು ಕಿಲೋಮೀಟರ್ ಹೋಗೋ ಕಡೆ, ರೋಡಲ್ಲೇ ಹತ್ರ ಹೋಗಿ ಮೂರು ಕಿಲೋಮೀಟರ್ ಹಳಿ ಬಳಸಿದ್ರೆ ಪರ್ಮಿಷನ್ನೂ ಬೇಗ ಸಿಗತ್ತೆ, ಡಿಸ್ಪ್ಯಾಚರಿಗೂ ಸುಲಭ.

ಹಳಿ ಮೇಲೆ ಹೋಗೋದು ಯಾಕೆ ಅಷ್ಟು ಅಗ್ಗ ಅಲ್ಲ ಅನ್ನೋದಕ್ಕೆ ಇನ್ನೊಂದು ಕಾರಣ ಲೆವೆಲ್ ಕ್ರಾಸಿಂಗುಗಳು. ಟ್ರೈನಿನ ಉಕ್ಕಿನ ಚಕ್ರ ಮತ್ತು ಅಚ್ಚು ಎರಡೂ ಹಳಿ ನಡುವೆ ಕರೆಂಟ್ ಸೇರಿಸತ್ತೆ, ಅದ್ರಿಂದಾನೇ ಸಿಗ್ನಲಿಗೆ ಗೇಟಿಗೆ ಟ್ರೈನ್ ಬಂತು ಅಂತ ಗೊತ್ತಾಗೋದು. ಹೈ-ರೈಲ್ ಚಕ್ರಗಳನ್ನ ಸಾಮಾನ್ಯವಾಗಿ ಇನ್ಸುಲೇಟ್ ಮಾಡಿರ್ತಾರೆ, ಸಿಗ್ನಲ್ ಸುಮ್ಮಸುಮ್ಮನೆ ಬದಲಾಗ್ಬಾರ್ದು ಅಂತ. ಅಂದ್ರೆ ಗೇಟು ನಿಮಗೋಸ್ಕರ ಬೀಳಲ್ಲ, ಹಳಿ ಮೇಲಿದ್ರೂ ನೀವೇ ನಿಧಾನ ಮಾಡಿ, ಬೇಕಾದ್ರೆ ನಿಂತು, ಕಾರುಗಳಿಗೆ ದಾರಿ ಬಿಟ್ಟು ದಾಟ್ಬೇಕು. 9 ಟನ್ನಿನ ಗಾಡಿ 50ರ ಸ್ಪೀಡಿಂದ ನಿಂತು ಮತ್ತೆ 50ಕ್ಕೆ ಬರೋಕೆ ಹತ್ತತ್ರ 0.07 ಲೀಟರ್ ಬೇಕು. ಕಮ್ಮಿ ಅನ್ಸತ್ತೆ, ಆದ್ರೆ ಊರುಗಳು ಒತ್ತೊತ್ತಾಗಿರೋ ಕಡೆ 100 ಕಿಮೀಗೆ 40 ಕ್ರಾಸಿಂಗ್ ಸಿಕ್ಕಿದ್ರೆ 2.8 ಲೀಟರ್ ಆಯ್ತು, ಮೇಲೆ ಹೇಳಿದ 8 ಲೀಟರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅದ್ರ ಜೊತೆ ಎರಡು ಗಂಟೆ ಕಾದ್ರೆ ಇನ್ನಾರು ಲೀಟರ್, ಒಟ್ಟು ಹೋಗಿ ಹೈವೇ ಖರ್ಚಿನ ಹತ್ರ ಬಂದು ನಿಲ್ಲತ್ತೆ. ಇಲ್ಲಿ ಮಾಡೋಕಾಗೋದು, ಕ್ರಾಸಿಂಗ್ ಬೋರ್ಡ್ ಕಂಡ ಕೂಡ್ಲೇ ಆಕ್ಸಲರೇಟರಿಂದ ಕಾಲು ತೆಗೆದು ಗಾಡಿನ ತಾನಾಗೇ ನಿಧಾನ ಆಗೋಕೆ ಬಿಡೋದು. ಹಳಿ ಮೇಲೆ ಬ್ರೇಕ್ ಹಿಡಿಯೋಕೆ ರೋಡಿಗಿಂತ ಜಾಸ್ತಿ ದೂರ ಬೇಕು, ಮಂಜು, ಎಲೆ, ಗ್ರೀಸ್ ಇದ್ರೆ ಇನ್ನೂ ಜಾಸ್ತಿ, ಹಾಗಾಗಿ ಬೇಗ ಕಾಲು ತೆಗೆಯೋದು ಜೀವಕ್ಕೂ ಒಳ್ಳೇದು ಡೀಸೆಲಿಗೂ ಒಳ್ಳೇದು. ಉಳಿತಾಯ ಅಂತ ನಿಲ್ಲದೆ ನುಗ್ಗೋದು ಮಾತ್ರ ಯಾವತ್ತೂ ಬೇಡ.

ಇನ್ಸ್ಪೆಕ್ಷನ್ ಗಾಡಿಗಳಿಗೆ ಇನ್ನೂ ಒಂದಿದೆ, ಅಮೆರಿಕದ ಫೆಡರಲ್ ನಿಯಮದ ಪ್ರಕಾರ ಗಾಡೀಲಿ ಕೂತು ಟ್ರ್ಯಾಕ್ ನೋಡ್ತಿದ್ರೆ ಪಾಯಿಂಟ್ಸ್ (ಹಳಿ ಕವಲೊಡೆಯೋ ಜಾಗ) ಮತ್ತು ಹಳಿಗೆ ಹಳಿ ಅಡ್ಡ ಹಾಯೋ ಜಾಗಗಳನ್ನ 5 ಮೈಲಿಗಿಂತ, ಅಂದ್ರೆ ಗಂಟೆಗೆ 8 ಕಿಮೀಗಿಂತ, ಜೋರಾಗಿ ದಾಟೋ ಹಾಗಿಲ್ಲ. ಉಳಿದ ಕಡೆ ಸ್ಪೀಡು ಇನ್ಸ್ಪೆಕ್ಟರ್ ವಿವೇಚನೆಗೆ ಬಿಟ್ಟಿದ್ದು. ಹಾಗಾಗಿ ಇನ್ಸ್ಪೆಕ್ಟರ್ ಗಾಡಿಯ ಮೈಲೇಜನ್ನ ವೆಲ್ಡರ್ ಗಾಡಿ ಜೊತೆ ಹೋಲಿಸ್ಬೇಡಿ, ಅವ್ರಿಗೆ ಮೈಲೇಜ್ ಟಾರ್ಗೆಟ್ ಕೊಡ್ಲೇಬೇಡಿ, ಬಿರುಕು ಬಿಟ್ಟ ಹಳಿ ಕಣ್ಣಿಗೆ ಬೀಳ್ಬೇಕಾದ ಮನುಷ್ಯನ ಗಮನ ಡೀಸೆಲ್ ಮೇಲೆ ಇರ್ಬಾರ್ದು.

ಈಗ ಗಾಡಿ ಕೆಳಗೆ ಬಗ್ಗಿ ನೋಡೋಣ. ಹೈ-ರೈಲ್ ಗೇರ್, ಅಂದ್ರೆ ಉಕ್ಕಿನ ಚಕ್ರಗಳನ್ನ ಏರಿಸಿ ಇಳಿಸೋ ಜೋಡಣೆ, ನೇರ ಕೂತಿಲ್ಲ ಅಂದ್ರೆ ಗಾಡಿ ಹಳಿ ಮೇಲೆ ಚೂರು ಅಡ್ಡಡ್ಡ ಓಡತ್ತೆ, ಒಂದು ಚಕ್ರದ ಅಂಚು ಹಳಿಗೆ ಉಜ್ತಾನೇ ಇರತ್ತೆ. ಗುರುತು ಹಿಡಿಯೋದು ಸುಲಭ: ನಾಲ್ಕು ಉಕ್ಕಿನ ಚಕ್ರಗಳ ಫ್ಲಾಂಜ್ (ಹಳಿ ಒಳಗಡೆ ಇಳಿಯೋ ಅಂಚು) ನೋಡಿ, ಮೂರು ಮಬ್ಬಾಗಿದ್ದು ಒಂದು ಮಾತ್ರ ಕನ್ನಡಿ ಥರ ಹೊಳೀತಿದ್ರೆ, ಕೈಯಾಡಿಸಿದಾಗ ಅಂಚು ಚೂಪಾಗಿ ತಾಗಿದ್ರೆ ಅದೇ ಉಜ್ತಿರೋದು. ಹಿಂದಿನ ಟೈರು ಹಳಿ ತಲೆಯ ನಡುವೆ ಕೂತಿದ್ಯಾ ಅಥವಾ ಒಂದು ಕಡೆ ಜರುಗಿದ್ಯಾ ಅಂತಾನೂ ನೋಡಿ, ಟೈರಿನ ಮೇಲೆ ಹಳಿ ಬಿಟ್ಟಿರೋ ಹೊಳಪಿನ ಪಟ್ಟಿ ಎರಡೂ ಕಡೆ ಒಂದೇ ಜಾಗದಲ್ಲಿರ್ಬೇಕು. ಇದರ ಜೊತೆಗೆ ನಾನು ಎಲ್ರಿಗೂ ಹೇಳೋದು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಒಂದು ಗಾಡೀಲಿಟ್ಕೊಳ್ಳಿ ಅಂತ. ಹಳಿ ಮೇಲೆ ಅರ್ಧ ಗಂಟೆ ಓಡಿ ನಿಂತ ತಕ್ಷಣ ಉಕ್ಕಿನ ಚಕ್ರಗಳ ನಡುಭಾಗಕ್ಕೆ, ಅಂದ್ರೆ ನಾಲ್ಕೂ ಹಬ್ಬಿಗೆ, ಎರಡೂ ಹಿಂದಿನ ಟೈರಿಗೆ ಹಿಡಿದು ಓದಿ. ಒಂದು ಹಬ್ಬು ಉಳಿದವಕ್ಕಿಂತ ಎದ್ದು ಕಾಣೋ ಅಷ್ಟು ಬಿಸಿ ಇದ್ರೆ ಬೇರಿಂಗ್ ಒಣಗಿದೆ, ಇಲ್ಲಾ ದೊಡ್ಡ ಗಾಡೀಲಿ ಉಕ್ಕಿನ ಚಕ್ರದ ಬ್ರೇಕು ಪೂರ್ತಿ ಬಿಡ್ತಿಲ್ಲ. ಆ ಬಿಸಿ ಬಂದಿದ್ದು ನಿಮ್ಮ ಟ್ಯಾಂಕಿಂದಾನೇ, ಡೀಸೆಲ್ ವಿಷಯ ಬಿಡಿ, ಬೇರಿಂಗ್ ಹಿಡ್ಕೊಂಡ್ರೆ ಗಾಡಿ ಹಳಿ ತಪ್ಪಬಹುದು.

ಗೇರಿನ ಅಲೈನ್ಮೆಂಟು, ಚಕ್ರದ ಸವೆತ, ಗೇಜು (ಎಡ ಬಲ ಉಕ್ಕಿನ ಚಕ್ರಗಳ ನಡುವಿನ ಅಂತರ) ಇವನ್ನ ವರ್ಷಕ್ಕೊಂದು ಸಲ ಅಳೀಲೇಬೇಕು, ಎರಡು ತಪಾಸಣೆ ಮಧ್ಯೆ 14 ತಿಂಗಳು ದಾಟೋ ಹಾಗಿಲ್ಲ ಅಂತ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್ ನಿಯಮ ಇದೆ. ಅದೇ ತಪಾಸಣೆ ಹೊತ್ತಲ್ಲಿ ಹಿಂದಿನ ಉಕ್ಕಿನ ಚಕ್ರ ಎಷ್ಟು ಭಾರ ಹೊತ್ತಿದೆ ಅಂತಾನೂ ಅಳ್ಸಿ. ಅದು ಜಾಸ್ತಿ ಹೊತ್ರೆ ರಬ್ಬರ್ ಟೈರಿಗೆ ಹಿಡಿತ ಸಾಕಾಗದೆ ಜಾರತ್ತೆ, ಟೈರು ಸವೆಯತ್ತೆ, ಕಮ್ಮಿ ಹೊತ್ರೆ ಹಳಿ ತಪ್ಪೋ ಅಪಾಯ. ಇದನ್ನ ಗೇರ್ ತಯಾರಿಸಿದವ್ರ ಮ್ಯಾನುಯಲ್ ನೋಡಿ ತಿಳಿದವ್ರೇ ಸೆಟ್ ಮಾಡ್ಬೇಕು, ಎಳೆತ ಕಮ್ಮಿ ಆಗ್ಲಿ ಅಂತ ಸೈಟಲ್ಲಿ ನಟ್ಟು ತಿರುಗ್ಸೋದಲ್ಲ. ಟೈರಿನ ಗಾಳೀನೂ ಅಷ್ಟೇ, ಮ್ಯಾನುಯಲಲ್ಲಿ ಹೇಳಿದಷ್ಟು, ಬೆಳಗ್ಗೆ ಟೈರು ತಣ್ಣಗಿರೋವಾಗ ನೋಡಿ. ಗಾಳಿ ಕಮ್ಮಿ ಇದ್ರೆ ಹಳಿ ಮೇಲೆ ಟೈರು ಇನ್ನೂ ಒತ್ತಿಹೋಗಿ ಬಿಸಿಯಾಗತ್ತೆ, ಜೊತೆಗೆ ಗಾಡಿ ಎತ್ತರ ಬದಲಾಗಿ ಚಕ್ರದ ಭಾರಾನೂ ಏರುಪೇರಾಗತ್ತೆ.

ಸಣ್ಣದು ಒಂದೆರಡು. ಹಳಿ ಮೇಲೆ ಫೋರ್ ವೀಲ್ ಡ್ರೈವ್ ಆಫ್ ಇರ್ಲಿ, ಮುಂದಿನ ಟೈರು ಗಾಳೀಲಿರೋವಾಗ ಅದನ್ನ ತಿರುಗ್ಸಿ ಏನೂ ಪ್ರಯೋಜನ ಇಲ್ಲ. ಕ್ರೇನ್ ಕೆಲ್ಸ ಮುಗಿದ ಮೇಲೆ ಪಿಟಿಓ ತೆಗೆದಿದ್ದೀರಾ ನೋಡಿ. ಟ್ರಕ್ಕಿನ ಹಿಂದಿನ ಡಬ್ಬಗಳನ್ನ ಆಗಾಗ ಖಾಲಿ ಮಾಡಿ, ಹಳಿ ಜೋಡಿಸೋ ಹಳೇ ಫಿಶ್ ಪ್ಲೇಟು, ತುಕ್ಕು ಹಿಡಿದ ಮೊಳೆ, ಯಾರೋ ಬಿಟ್ಟುಹೋದ ಜ್ಯಾಕ್ ಅಂತ ಸೇರ್ಕೊಂಡು ಸೇರ್ಕೊಂಡು ಗಾಡಿ ತೂಕದ ಮಿತಿನೇ ದಾಟಿರತ್ತೆ, ಗೇರಿನದ್ದೇ ನೂರಾರು ಕೆಜಿ ಇರೋದ್ರಿಂದ ಉಳಿದ ಜಾಗ ಮೊದಲೇ ಕಮ್ಮಿ. ಚಳಿಗಾಲದಲ್ಲಿ ರಾತ್ರಿ ಪೂರ್ತಿ ಎಂಜಿನ್ ಓಡ್ಸಿಡೋ ಬದಲು ಕರೆಂಟಿಂದ ಎಂಜಿನ್ ಬೆಚ್ಚಗಿಡೋ ಬ್ಲಾಕ್ ಹೀಟರ್ ಪ್ಲಗ್ ಹಾಕಿ. ಚಳಿಗಾಲದ ಡೀಸೆಲಲ್ಲಿ ಶಕ್ತಿ ಸ್ವಲ್ಪ ಕಮ್ಮಿ ಇರತ್ತೆ, ಡಿಸೆಂಬರ್ ನಂಬರನ್ನ ಜುಲೈ ಜೊತೆ ಹೋಲಿಸಿ ಯಾರನ್ನೂ ಪ್ರಶ್ನೆ ಮಾಡ್ಬೇಡಿ, ಹಿಂದಿನ ವರ್ಷದ ಡಿಸೆಂಬರ್ ಜೊತೆ ಹೋಲಿಸಿ.

ನಮ್ಮಲ್ಲಿ ಯಾಕೆ ಇಂಥ ಪಿಕಪ್ ಕಾಣಲ್ಲ ಅಂತ ಕೇಳೋರಿಗೆ: ಅಲ್ಲಿ ಎರಡು ಹಳಿ ನಡುವಿನ ಅಂತರ 1435 ಮಿಲಿಮೀಟರ್, ಪಿಕಪ್ಪಿನ ಎಡ ಬಲ ಟೈರುಗಳ ನಡುವಿನ ಅಂತರಕ್ಕೆ ಹತ್ತಿರ ಇದೆ, ಅದಕ್ಕೇ ಟೈರು ನೇರ ಹಳಿ ಮೇಲೆ ಕೂರತ್ತೆ. ನಮ್ಮ ಬ್ರಾಡ್‌ಗೇಜ್ 1676, ಹುಬ್ಬಳ್ಳಿ ಕಡೆ ಇರ್ಲಿ ಮಂಗಳೂರು ಕಡೆ ಇರ್ಲಿ, ನಮ್ಮಲ್ಲಿ ಸಿಗೋ ಮಾಮೂಲಿ ಪಿಕಪ್ ತಂದಿಟ್ರೆ ಟೈರು ಹಳಿ ಮೇಲೆ ಸರಿಯಾಗಿ ಕೂರಲ್ಲ. ಹಾಗಾಗಿ ಅಗಲ ಗೇಜಿಗೆ ಮಾಡೋ ರೋಡ್-ಕಮ್-ರೈಲ್ ಗಾಡಿಗಳಲ್ಲಿ ಉಕ್ಕಿನ ಚಕ್ರಗಳನ್ನೇ ಹೈಡ್ರಾಲಿಕ್ ಮೋಟರಿಂದ ಓಡ್ಸೋ ವ್ಯವಸ್ಥೆ ಬೇಕಾಗತ್ತೆ, ಅಥವಾ ಟೈರಿಂದ ಉಕ್ಕಿನ ಚಕ್ರಕ್ಕೆ ತಿರುಗು ಕೊಡೋ ಏರ್ಪಾಡು. ನೀವು ಅಂಥ ಹೈಡ್ರಾಲಿಕ್ ಗಾಡಿ ನೋಡ್ಕೊಳ್ತಿದ್ರೆ ಮೇಲಿನ ಲೆಕ್ಕದಲ್ಲಿ ಒಂದು ಬದಲಾವಣೆ ಮಾಡ್ಕೊಳ್ಳಿ: ಹಳಿ ಮೇಲೆ ರೋಡಿನ ಚಕ್ರ ತಿರುಗದಿದ್ರೆ ಓಡೋಮೀಟರ್ ಎಣಿಸಲ್ಲ, ಹಾಗಾಗಿ ಹಳಿ ಕಿಲೋಮೀಟರನ್ನ ಟ್ರ್ಯಾಕ್ ಪಕ್ಕದ ಕಿಲೋಮೀಟರ್ ಕಲ್ಲು ನೋಡಿ ಕೈಯಲ್ಲಿ ಬರ್ಕೋಬೇಕು, ಖರ್ಚನ್ನ ಗಂಟೆಗೆ ಇಷ್ಟು ಲೀಟರ್ ಅಂತಾನೇ ಹಿಡೀಬೇಕು, ಹೈಡ್ರಾಲಿಕ್ ಆಯಿಲಿನ ಟೆಂಪರೇಚರನ್ನೂ ದಿನಾ ಒಂದು ಕಾಲಮಲ್ಲಿ ಬರೀಬೇಕು. ಅದೇ ಕೆಲ್ಸಕ್ಕೆ ಅದೇ ಬಿಸಿಲಲ್ಲಿ ವಾರದಿಂದ ವಾರಕ್ಕೆ ಆಯಿಲ್ ಬಿಸಿ ಏರ್ತಾ ಹೋದ್ರೆ ಮೊದಲು ಕೂಲರ್ ಕ್ಲೀನ್ ಮಾಡಿ ಆಯಿಲ್ ಲೆವೆಲ್ ನೋಡಿ, ಆಮೇಲೂ ಇಳೀಲಿಲ್ಲ ಅಂದ್ರೆ ಪಂಪು, ಮೋಟರ್ ಒಳಗೆ ಸೋರಿಕೆ ಟೆಸ್ಟ್ ಮಾಡ್ಸಿ.